ಹಳೇ ಸಾಲಿ ಪುಸ್ತಕಗಳು: ಕಲಬುರಗಿ, ಬೀದರ, ಯಾದಗಿರಿ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಮನೆ ರಿಪೇರಿ ಮಾಡಿಸುವಾಗ, ಅಜ್ಜನ ಟ್ರಂಕು ತೆಗೆದಾಗ ಒಂದು ಹರಕು ಪುಸ್ತಕ ಸಿಗುತ್ತದೆ. ಮುಖಪುಟ ಇರುವುದಿಲ್ಲ, ಕೊನೆ ಹಾಳೆಗಳೂ ಇರುವುದಿಲ್ಲ. ಇದೇನು, ಯಾವ ಕಾಲದ್ದು, ಇಟ್ಟುಕೊಳ್ಳೋದಾ ರದ್ದಿಗೆ ಹಾಕೋದಾ ಅಂತ ಪ್ರಶ್ನೆ ಶುರುವಾಗುತ್ತದೆ. ಹಳೇ ಪ್ರಾಥಮಿಕ ಶಾಲೆಯ ಪುಸ್ತಕಗಳನ್ನು ಕೂಡಿಡುವ ಹುಚ್ಚು ನನಗಿದೆ ಅಂತ ಗೊತ್ತಾದ ಮೇಲೆ ಇಂಥ ಫೋಟೋ ಕಳಿಸುವವರು ಜಾಸ್ತಿಯಾಗಿದ್ದಾರೆ. ಎಲ್ಲರಿಗೂ ಅದನ್ನೇ ಮತ್ತೆ ಮತ್ತೆ ಬರೆಯುವ ಬದಲು ಉತ್ತರಗಳನ್ನು ಇಲ್ಲಿ ಒಟ್ಟಿಗೆ ಇಟ್ಟಿದ್ದೇನೆ. ಯಾದಗಿರಿ 2009ರ ಕೊನೆಯವರೆಗೂ ಕಲಬುರಗಿ ಜಿಲ್ಲೆಯಲ್ಲೇ ಇತ್ತು. ಹಾಗಾಗಿ ಹಳೇ ಮಾತು ಬಂದಾಗ ಕಲಬುರಗಿ ಎಂದರೆ ಯಾದಗಿರಿಯೂ ಸೇರಿತು ಎಂದುಕೊಳ್ಳಿ.

ನಮ್ಮ ಅಜ್ಜ ಮೊದಲನೇ ಇಯತ್ತೆಯಲ್ಲಿ (ತರಗತಿಯಲ್ಲಿ) ಯಾವ ಪುಸ್ತಕ ಓದಿರಬಹುದು?

ಪುಸ್ತಕದ ಹೆಸರು ಆಮೇಲೆ ಹುಡುಕೋಣ. ಮೊದಲು ಅವರು ಯಾವ ಲಿಪಿಯಲ್ಲಿ ಅಕ್ಷರ ಕಲಿತರು ಅಂತ ಕೇಳಿ. ನಮ್ಮ ಕಡೆ ಈ ಒಂದು ಪ್ರಶ್ನೆಗೆ ಉತ್ತರ ಸಿಕ್ಕರೆ ಅರ್ಧ ಕೆಲಸ ಮುಗಿದಂತೆ. 1930ರ ದಶಕದಲ್ಲಿ ಸರ್ಕಾರಿ ಸಾಲಿಗೆ ಹೋದವರ ಕೈಗೆ ಉರ್ದು ಖಾಯಿದಾ, ಅಂದರೆ ಅಕ್ಷರ ಕಲಿಸುವ ಮೊದಲ ಪುಸ್ತಕ, ಬಂದಿರಬಹುದು. ಅದೇ ಊರಿನ ಮಠದಲ್ಲೋ ಗುಡಿಯ ಕಟ್ಟೆಯ ಮೇಲೋ ಕಲಿತವರಿಗೆ ಕನ್ನಡ ಅಂಕಲಿಪಿ ಸಿಕ್ಕಿರುತ್ತದೆ. ಔರಾದ, ಭಾಲ್ಕಿ ಕಡೆಯವರಾದರೆ ಮರಾಠಿಯೂ ಇರಬಹುದು. ಒಂದೇ ಮನೆಯಲ್ಲಿ ಅಣ್ಣನಿಗೆ ಉರ್ದು, ತಮ್ಮನಿಗೆ ಕನ್ನಡ ಆದದ್ದೂ ಉಂಟು. ಯಾಕೆಂದರೆ ನಡುವೆ 1948 ಬಂತು, ಈ ಸೀಮೆಯನ್ನು ಆಳುತ್ತಿದ್ದ ಹೈದರಾಬಾದಿನ ನಿಜಾಮರ ಆಳ್ವಿಕೆ ಮುಗಿಯಿತು.

ಮೈಸೂರು ಕಡೆಯ ಹಳೇ ಪಠ್ಯಪುಸ್ತಕದ ಚಿತ್ರ ತೋರಿಸಿ "ಇದೇ ಅಲ್ವಾ?" ಎಂದು ಅಜ್ಜನನ್ನು ಕೇಳಿದರೆ ಅವರು ಮುಖ ನೋಡುತ್ತಾರೆ ಅಷ್ಟೇ. ಅಲ್ಲಿನ ಪುಸ್ತಕ 1956ಕ್ಕೆ ಮುಂಚೆ ಇಲ್ಲಿನ ಸರ್ಕಾರಿ ಸಾಲಿಗಳಿಗೆ ಬರುವಂತೆಯೇ ಇರಲಿಲ್ಲ. ಅದು ಬೇರೆ ರಾಜ್ಯ, ಬೇರೆ ಸರ್ಕಾರ.

ನಿಜಾಮರ ಕಾಲದಲ್ಲಿ ಕನ್ನಡ ಪುಸ್ತಕಗಳೇ ಇರಲಿಲ್ವಾ?

ಇದ್ದವು. ಆದರೆ ಸರ್ಕಾರಿ ಸಾಲಿಯಲ್ಲಿ ಅವುಗಳ ಜಾಗ ಬಹಳ ಚಿಕ್ಕದು. ಹೈದರಾಬಾದ್ ಸಂಸ್ಥಾನದ ಆಡಳಿತ ಭಾಷೆ ಉರ್ದು. 1918ರಲ್ಲಿ ಶುರುವಾದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲೂ ಉರ್ದುವಿನಲ್ಲೇ ಪಾಠ. ಕೆಳಗಿನ ಜಮಾತ್‌ಗಳಲ್ಲಿ (ತರಗತಿಗಳಲ್ಲಿ) ಅಲ್ಲಲ್ಲಿ ಕನ್ನಡ ಕಲಿಸುತ್ತಿದ್ದರು. ಆದರೆ ಮುಂದೆ ಓದಬೇಕು, ಕಚೇರಿಯಲ್ಲಿ ನೌಕರಿ ಹಿಡಿಯಬೇಕು ಅಂದರೆ ಉರ್ದು ಬೇಕೇ ಬೇಕು. ಹಾಗಾಗಿ ಮನೆಯಲ್ಲಿ ಕನ್ನಡ ಆಡುವ ಹುಡುಗನೂ ಸಾಲಿಯಲ್ಲಿ ಅಲಿಫ್, ಬೆ, ಪೆ ಎಂದು ಶುರು ಮಾಡುತ್ತಿದ್ದ. ಅದಕ್ಕೇ ನಮ್ಮ ಕಡೆಯ ಹಳೇ ಹಿರಿಯರು ಕನ್ನಡದಲ್ಲಿ ಮಾತಾಡುತ್ತಾ ಉರ್ದುವಿನಲ್ಲಿ ಲೆಕ್ಕ ಬರೆಯುತ್ತಿದ್ದದ್ದು.

ಕನ್ನಡ ಉಳಿದದ್ದು ಖಾನಗಿ (ಖಾಸಗಿ) ಸಾಲಿಗಳಲ್ಲಿ, ಮಠಗಳಲ್ಲಿ. ಕಲಬುರಗಿಯ ನೂತನ ವಿದ್ಯಾಲಯ 1907ರಷ್ಟು ಹಿಂದೆಯೇ ಶುರುವಾಗಿತ್ತು. ಶರಣಬಸವೇಶ್ವರ ಸಂಸ್ಥಾನದ ದೊಡ್ಡಪ್ಪ ಅಪ್ಪ ಅವರು 1930ರ ದಶಕದಲ್ಲಿ ಹೆಣ್ಣುಮಕ್ಕಳಿಗೆ ಶಾಲೆ ತೆರೆದರು. ಭಾಲ್ಕಿಯ ಡಾ. ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಕನ್ನಡ ಪಾಠ ಹೇಳಿಸಿದ್ದು ಇಡೀ ಬೀದರ ಜಿಲ್ಲೆಗೆ ಗೊತ್ತಿರುವ ಸಂಗತಿ. ಇದನ್ನು ಕೇಳಿ ನಗುವವರಿದ್ದಾರೆ. ಆದರೆ ಆಗ ಖಾನಗಿ ಸಾಲಿ ತೆರೆಯಲು ಸರ್ಕಾರದ ಪರವಾನಗಿ ಬೇಕಿತ್ತು. ಅದನ್ನು ನೆನೆದರೆ ನಗುವ ವಿಷಯವಲ್ಲ.

ಇಂಥ ಸಾಲಿಗಳಿಗೆ ಕನ್ನಡ ಪುಸ್ತಕ ಬೇಕೆಂದರೆ ಧಾರವಾಡದ ಕಡೆ ನೋಡಬೇಕಿತ್ತು. ಮುಂಬೈ ಪ್ರಾಂತದಲ್ಲಿ ಡೆಪ್ಯುಟಿ ಚನ್ನಬಸಪ್ಪನವರಂಥವರು 19ನೇ ಶತಮಾನದಲ್ಲೇ ಕನ್ನಡ ಶಾಲೆಗಳಿಗಾಗಿ ದುಡಿದಿದ್ದರು. ಕನ್ನಡ ಪಠ್ಯಪುಸ್ತಕ ಬರೆಯುವವರ, ಅಚ್ಚು ಹಾಕುವವರ ಒಂದು ಪರಂಪರೆಯೇ ಅಲ್ಲಿತ್ತು. ನಿಮ್ಮ ಮನೆಯ ಹಳೇ ಕನ್ನಡ ಪುಸ್ತಕದಲ್ಲಿ ಧಾರವಾಡದ ಹೆಸರು ಕಂಡರೆ ಆಶ್ಚರ್ಯ ಬೇಡ.

ಅಚ್ಚಿನ ಪುಸ್ತಕ ಬರುವ ಮುಂಚೆ ಮಕ್ಕಳು ಏನು ಓದುತ್ತಿದ್ದರು?

ಓದುವುದಕ್ಕಿಂತ ಬಾಯಿಪಾಠ ಹೆಚ್ಚು. ಐಗಳು, ಅಂದರೆ ಊರಿನ ಮಾಸ್ತರರು, ನೆಲದ ಮೇಲೆ ಉಸುಕು ಹರಡಿ, ಹುಡುಗನ ಬೆರಳು ಹಿಡಿದು ಅಕ್ಷರ ತಿದ್ದಿಸುತ್ತಿದ್ದರು. ಆಮೇಲೆ ಮಸಿ ಬಳಿದ ಹಲಗೆ. ದೊಡ್ಡವರ ಲೆಕ್ಕಪತ್ರಕ್ಕೆ ಕಡತ ಇರುತ್ತಿತ್ತು. ಬಟ್ಟೆಗೆ ಹುಣಸೆಬೀಜದ ಸರಿ, ಇದ್ದಿಲ ಪುಡಿ ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಅದರ ಮೇಲೆ ಬಳಪದಲ್ಲಿ ಬರೆಯುವುದು. ತಪ್ಪಿದರೆ ಒರೆಸಿ ಮತ್ತೆ ಬರೆಯಬಹುದು.

ಅಕ್ಷರ ಬಂದ ಮೇಲೆ ಮಕ್ಕಳಿಗೆ ಬೇರೆ, ದೊಡ್ಡವರಿಗೆ ಬೇರೆ ಎನ್ನುವ ಪುಸ್ತಕಗಳಿರಲಿಲ್ಲ. ಅಮರಕೋಶ, ಸರ್ವಜ್ಞನ ವಚನ, ಜೈಮಿನಿ ಭಾರತದ ಪದ್ಯಗಳು, ಬಸವ ಪುರಾಣ. ಅರ್ಥವಾದರೂ ಸರಿ, ಆಗದಿದ್ದರೂ ಸರಿ. ಉರ್ದು, ಪಾರ್ಸಿ ಕಲಿಯುವವರಿಗೆ ಖಾಯಿದಾ ಮುಗಿದ ಮೇಲೆ ಕರೀಮಾ, ಗುಲಿಸ್ತಾನ್ ಎಂಬ ಪಾರ್ಸಿ ಪುಸ್ತಕಗಳು. ಆರೇಳು ವರ್ಷದ ಮಗುವಿನ ಬಾಯಲ್ಲಿ ಅಂಥ ಪದ್ಯ ಕೇಳಿ ಊರವರು ಹೌಹಾರುತ್ತಿದ್ದದ್ದು ನಿಜ. ಆದರೆ ಆ ಮಗುವಿಗೆ ಅಪರಿಚಿತ ಕಾಗದ ಕೊಟ್ಟರೆ ಓದಲು ಬರುತ್ತಿತ್ತಾ ಅನ್ನುವುದು ಬೇರೆ ಮಾತು.

ಬೀದರಿನ ಮಹಮೂದ್ ಗವಾನ್ ಮದರಸಾ ಪ್ರಾಥಮಿಕ ಶಾಲೆಯಾಗಿತ್ತಾ?

ಇಲ್ಲ. 1472ರಲ್ಲಿ ಕಟ್ಟಿ ಮುಗಿಸಿದ ಅದು ದೊಡ್ಡ ವಿದ್ವಾಂಸರ ಜಾಗ. ಅಕ್ಷರ ತಿದ್ದುವ ಮಕ್ಕಳಿಗೂ ಅದಕ್ಕೂ ಸಂಬಂಧವಿಲ್ಲ.

ಅಂಕಲಿಪಿ ಅಂದರೇನು? ಅದರಲ್ಲಿ ಏನೇನು ಇರುತ್ತಿತ್ತು?

ಉತ್ತರ ಕರ್ನಾಟಕದ ಮಕ್ಕಳ ಮೊದಲ ಪುಸ್ತಕ. ತೆಳ್ಳನೆಯದು, ಅಗ್ಗದ ಕಾಗದ, ಬಣ್ಣದ ರಟ್ಟು. ಸರ್ಕಾರ ಕೊಟ್ಟದ್ದಲ್ಲ, ಅಂಗಡಿಯಲ್ಲೋ ಜಾತ್ರೆಯಲ್ಲೋ ಅಪ್ಪ ಕೊಂಡು ತಂದದ್ದು. ಸಾಲಿಗೆ ಹೋಗದ ಮಗುವಿನ ಮನೆಯಲ್ಲೂ ಒಂದು ಇರುತ್ತಿತ್ತು.

ಅಂಕಿ ಮೊದಲು, ಅಕ್ಷರ ಆಮೇಲೆ. ಒಂದರಿಂದ ನೂರರ ತನಕ ಕನ್ನಡ ಅಂಕಿ. ಸ್ವರ, ವ್ಯಂಜನ, ಕಾಗುಣಿತ, ಒತ್ತಕ್ಷರ. ಎರಡರಿಂದ ಮೂವತ್ತರವರೆಗೆ ಮಗ್ಗಿ. ವಾರ, ತಿಂಗಳು, ಋತು, ದಿಕ್ಕು, ತಿಥಿ, 27 ನಕ್ಷತ್ರ, 60 ಸಂವತ್ಸರಗಳ ಹೆಸರು. ರೂಪಾಯಿ ಆಣೆ ಪೈ ಕೋಷ್ಟಕ, ಸೇರು ಮಣದ ಕೋಷ್ಟಕ. ಕೊನೆಗೆ ಒಂದೆರಡು ಪ್ರಾರ್ಥನೆ. ಒಂದು ಮನೆ ನಡೆಸಲು, ಒಂದು ಕಿರಾಣಿ ಅಂಗಡಿ ನಡೆಸಲು ಬೇಕಾದದ್ದೆಲ್ಲ ಅದರೊಳಗೆ ಅಡಗಿರುತ್ತಿತ್ತು.

ಇಲ್ಲದ್ದು ಒಂದೇ: ಕಥೆ. ಅಂಕಲಿಪಿಯಲ್ಲಿ ಓದಿ ಖುಷಿಪಡುವಂಥದ್ದು ಏನೂ ಇಲ್ಲ. ಚಿತ್ರಗಳು ಕೂಡ ಹೆಸರಿಗಷ್ಟೇ, ಅಕ್ಷರದ ಪಕ್ಕ ಆನೆಯೋ ಒಂಟೆಯೋ. ಇಷ್ಟಾದರೂ ಹಳಬರು ಬಹಳ ಪ್ರೀತಿಯಿಂದ ನೆನೆಯುವುದು ಇದನ್ನೇ. ಅದು ಸ್ವಂತದ್ದು ಅನ್ನುವುದೇ ಕಾರಣ ಇರಬೇಕು. ಸಾಲಿ ಪುಸ್ತಕ ವರ್ಷದ ಕೊನೆಗೆ ತಮ್ಮನಿಗೆ ಹೋಗುತ್ತಿತ್ತು. ಅಂಕಲಿಪಿ ಹರಿದು ಚೂರಾಗುವ ತನಕ ನಮ್ಮದೇ.

ಇದು ಈಗಲೂ ಅಚ್ಚಾಗುತ್ತದೆ. ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆಯ ಪುಸ್ತಕದ ಅಂಗಡಿಗಳಲ್ಲಿ ಕೇಳಿ ನೋಡಿ. ಆಣೆ ಪೈ ಹೋಗಿದೆ, ಬಣ್ಣದ ಚಿತ್ರ ಬಂದಿದೆ.

ಪಾವಕಿ, ದೀಡಕಿ ಅಂತ ಅಜ್ಜಿ ಹೇಳ್ತಿರ್ತಾರೆ. ಏನದು?

ಭಾಗದ ಮಗ್ಗಿ. ಪಾವಕಿ ಎಂದರೆ ಕಾಲರ ಮಗ್ಗಿ, ನಿಮಕಿ ಅರ್ಧದ್ದು, ಪೌಣಕಿ ಮುಕ್ಕಾಲಿನದು, ಸವಾಯಕಿ ಒಂದೂಕಾಲಿನದು, ದೀಡಕಿ ಒಂದೂವರೆಯದು, ಅಡೀಚಕಿ ಎರಡೂವರೆಯದು. ಏಳು ದೀಡಕಿ ಹತ್ತೂವರೆ, ಎಂಟು ಪೌಣಕಿ ಆರು, ಹೀಗೆ. ಹದಿನಾರು ಆಣೆಯ ರೂಪಾಯಿ ಇದ್ದಾಗ ಇದು ಬಾಯಲ್ಲಿ ಇಲ್ಲದಿದ್ದರೆ ಸಂತೆಯಲ್ಲಿ ಮೋಸ ಹೋಗುವುದು ಖಾತ್ರಿ. ನಮ್ಮ ಬಜಾರಿನಲ್ಲಿ ಪಾವ್ ಕಿಲೋ, ದೀಡ್ ಸಾವಿರ ಅನ್ನುವುದು ಇನ್ನೂ ಹೋಗಿಲ್ಲ. ಅಜ್ಜಿಗೆ ಪೂರ್ತಿ ಬಂದರೆ ದಯವಿಟ್ಟು ಈಗಲೇ ರೆಕಾರ್ಡ್ ಮಾಡಿಕೊಳ್ಳಿ.

ಮುಖಪುಟ ಹರಿದಿದೆ. ಪುಸ್ತಕ ಯಾವ ಕಾಲದ್ದು ಅಂತ ಹೇಗೆ ಗೊತ್ತು ಮಾಡೋದು?

ಅತಿ ಹೆಚ್ಚು ಬರುವ ಪ್ರಶ್ನೆ ಇದು. ನಾನು ನೋಡುವ ಗುರುತುಗಳನ್ನು ಹೇಳುತ್ತೇನೆ. ಸ್ವಲ್ಪ ತಾಳ್ಮೆ ಬೇಕು.

ಮೊದಲು ದುಡ್ಡು. ಬೆಲೆಯನ್ನು ಆಣೆಯಲ್ಲಿ ಹಾಕಿದ್ದರೆ ಅದು 1957ರ ಏಪ್ರಿಲ್ 1ಕ್ಕೆ ಮುಂಚಿನದು ಅಂತ ಹೆಚ್ಚುಕಡಿಮೆ ಹೇಳಬಹುದು. ಅಂದಿನಿಂದ ದಶಮಾಂಶ ನಾಣ್ಯ ಬಂತು. "ನ.ಪೈ." ಎಂದಿದ್ದರೆ ನಯಾಪೈಸೆ, ಅಂದರೆ 1957ರಿಂದ 1964ರ ನಡುವಿನದು. ಆಮೇಲೆ ನಯಾ ಬಿಟ್ಟುಹೋಗಿ ಬರೀ ಪೈಸೆ ಆಯಿತು. ಬೆಲೆಯ ಪಕ್ಕ "ಹಾಲಿ" ಅಥವಾ "ಕಲದಾರ" ಎಂದು ಬರೆದಿದ್ದರೆ ಅದು ಹೈದರಾಬಾದ್ ಸಂಸ್ಥಾನದ ಕಾಲದ ಚಲಾವಣೆಯ ಮಾತು. ಹಾಲಿ ಎಂದರೆ ನಿಜಾಮರ ಸಿಕ್ಕಾ, ಕಲದಾರ ಎಂದರೆ ಇಂಗ್ಲಿಷರ ರೂಪಾಯಿ. ಏಳು ಹಾಲಿ ರೂಪಾಯಿಗೆ ಸುಮಾರು ಆರು ಕಲದಾರ ಸಿಗುತ್ತಿತ್ತು. ಪುಸ್ತಕದ ಒಳಗಿನ ಲೆಕ್ಕಗಳಲ್ಲಿ ಆಣೆ ಇದೆ ಅಂತ ಮಾತ್ರ ನಂಬಿ ಕೂಡಬೇಡಿ. ಹಳೇ ಲೆಕ್ಕವನ್ನೇ ಮತ್ತೆ ಮತ್ತೆ ಅಚ್ಚು ಹಾಕುತ್ತಿದ್ದರು. ಬೆಲೆ ನೋಡಿ.

ಎರಡನೆಯದು ಇಸವಿ. ಹೈದರಾಬಾದ್ ಸರ್ಕಾರದ ಕಾಗದ ಪತ್ರಗಳಲ್ಲಿ ಫಸಲಿ ವರ್ಷ ಬಳಕೆಯಲ್ಲಿತ್ತು. 1340, 1350 ಅಂತೆಲ್ಲ ನೋಡಿ ಏಳುನೂರು ವರ್ಷ ಹಳೇದು ಎಂದು ಖುಷಿಪಟ್ಟವರಿದ್ದಾರೆ. ಅದಕ್ಕೆ 590 ಕೂಡಿಸಿ. 1350 ಫಸಲಿ ಎಂದರೆ 1940-41. ಉರ್ದು ಪುಸ್ತಕದಲ್ಲಿ ಹಿಜರಿ ವರ್ಷವೂ ಇರಬಹುದು, ಅದರ ಲೆಕ್ಕವೇ ಬೇರೆ. ಓದಲು ಬರುವವರ ಹತ್ತಿರ ತೋರಿಸುವುದು ಒಳ್ಳೇದು.

ಮೂರನೆಯದು ಸರ್ಕಾರದ ಹೆಸರು. ಹೈದರಾಬಾದ್ ಸರ್ಕಾರ ಎಂದಿದ್ದರೆ 1956ಕ್ಕೆ ಮುಂಚೆ. ಮೈಸೂರು ಸರ್ಕಾರ ಎಂದಿದ್ದು, ಅದು ನಮ್ಮ ಕಡೆಯ ಸಾಲಿಯಲ್ಲಿ ಓದಿದ ಪುಸ್ತಕವಾಗಿದ್ದರೆ 1956ರ ನವೆಂಬರ್ 1ರ ನಂತರ. ಕರ್ನಾಟಕ ಸರ್ಕಾರ ಎಂದಿದ್ದರೆ 1973ರ ನವೆಂಬರ್ 1ರ ನಂತರ. ಅಚ್ಚು ಹಾಕಿದವರ ವಿಳಾಸದಲ್ಲಿ ಆರು ಅಂಕಿಯ ಪಿನ್‌ಕೋಡ್ ಇದ್ದರೆ 1972ರ ಆಗಸ್ಟ್ ನಂತರದ್ದು ಖಂಡಿತ.

ನಾಲ್ಕನೆಯದು ತೂಕ, ಅಳತೆ. ಸೇರು, ತೊಲ, ಗಾವುದ ಮಾತ್ರ ಇದ್ದು ಕಿಲೋ, ಮೀಟರ್ ಇಲ್ಲವೇ ಇಲ್ಲ ಎಂದರೆ 1950ರ ದಶಕ ಅಥವಾ ಅದಕ್ಕೂ ಹಿಂದಿನದು. ಮೆಟ್ರಿಕ್ ಪದ್ಧತಿ 1958ರಿಂದ ನಿಧಾನಕ್ಕೆ ಬಂತು. ಎರಡೂ ಕೋಷ್ಟಕ ಅಕ್ಕಪಕ್ಕ ಇದ್ದರೆ ಆ ಬದಲಾವಣೆಯ ವರ್ಷಗಳದ್ದು. ಅಂಥ ಪುಸ್ತಕ ಸಿಕ್ಕರೆ ನನಗಂತೂ ಬಹಳ ಖುಷಿ, ಮಾಸ್ತರರ ತಲೆನೋವು ಎದ್ದು ಕಾಣುತ್ತದೆ.

ಕೊನೆಯದು ಹುಡುಗರು ಗೀಚಿದ ಬರಹ. ರಟ್ಟಿನ ಒಳಗೆ, ಅಂಚಿನಲ್ಲಿ, ಖಾಲಿ ಹಾಳೆಯಲ್ಲಿ ಹೆಸರು, ಇಯತ್ತೆ, ಊರು, ಕೆಲವೊಮ್ಮೆ ತಾರೀಖು ಕೂಡ ಇರುತ್ತದೆ. ಒಂದೇ ಪುಸ್ತಕದ ಮೇಲೆ ಅಣ್ಣ, ತಮ್ಮ, ಅವರ ಗೆಳೆಯ ಹೀಗೆ ಮೂರು ಹೆಸರು ಇರುವುದು ಸಾಮಾನ್ಯ. ಪುಸ್ತಕ ಎಷ್ಟು ಕೈ ದಾಟಿತು ಅಂತ ಅದರಿಂದಲೇ ಗೊತ್ತಾಗುತ್ತದೆ. ದಯವಿಟ್ಟು ಅದನ್ನು ಅಳಿಸಿ "ಸ್ವಚ್ಛ" ಮಾಡಬೇಡಿ.

1956ರ ನಂತರ ಏನು ಬದಲಾಯಿತು?

1948ರ ಸೆಪ್ಟೆಂಬರ್‌ನಲ್ಲಿ ನಿಜಾಮರ ಆಳ್ವಿಕೆ ಮುಗಿದ ಮೇಲೆ ಕನ್ನಡ ಸಾಲಿಗಳು ಹೆಚ್ಚತೊಡಗಿದವು. ದೊಡ್ಡ ಬದಲಾವಣೆ ಬಂದದ್ದು ರಾಜ್ಯಗಳು ಒಂದಾದ ಮೇಲೆ. ಕಲಬುರಗಿಯ ಹುಡುಗನೂ ಮಂಡ್ಯದ ಹುಡುಗನೂ ಒಂದೇ ಪುಸ್ತಕ ಓದುವ ಕಾಲ ಬಂತು.

ಒಳ್ಳೇದೇ ಆಯಿತು. ಒಂದು ತಕರಾರು ಮಾತ್ರ ಇದೆ. ಆ ಪುಸ್ತಕಗಳ ಊರು ನಮ್ಮ ಊರಾಗಿರಲಿಲ್ಲ. ಪಾಠದಲ್ಲಿ ಕಾಫಿ, ಅಡಿಕೆ, ತೆಂಗು, ಹೊಳೆ, ಮಳೆಯೋ ಮಳೆ. ನಮ್ಮ ಮಗುವಿನ ಸುತ್ತ ತೊಗರಿ, ಜೋಳ, ಶಹಾಬಾದ್ ಫರಸಿ ಮತ್ತು ಬಿಸಿಲು. ಪಾಠದ ಅಮ್ಮ ಮುದ್ದೆ ಮಾಡಿದರೆ ಮನೆಯ ಅವ್ವ ರೊಟ್ಟಿ ಬಡಿಯುತ್ತಿದ್ದಳು. ಪಾಠದಲ್ಲಿ "ಶಾಲೆ", ಬಾಯಲ್ಲಿ "ಸಾಲಿ". ಪಾಠದಲ್ಲಿ "ಸ್ಲೇಟು", ಚೀಲದಲ್ಲಿ "ಪಾಟಿ". ಇದರಿಂದ ಮಕ್ಕಳು ಹಾಳಾದರು ಅಂತ ನಾನು ಹೇಳುವುದಿಲ್ಲ, ಮಕ್ಕಳು ಗಟ್ಟಿ. ಆದರೆ ನಮ್ಮ ಮಾತು ಪುಸ್ತಕಕ್ಕೆ ಲಾಯಕ್ಕಲ್ಲ ಎನ್ನುವ ಒಂದು ಅಂಜಿಕೆ ಒಂದು ತಲೆಮಾರಿನಲ್ಲಿ ಕೂತುಬಿಟ್ಟಿತು. ಕವಿರಾಜಮಾರ್ಗ ಹುಟ್ಟಿದ ಮಳಖೇಡದ ಸೀಮೆಯಲ್ಲಿ ಹೀಗಾದದ್ದು ನೋಡಿ!

ನಾವು "ಅ ಆ ಇ ಈ" ಬದಲು "ರ ಗ ಸ ದ ಅ" ಅಂತ ಕಲಿತೆವು. ಯಾಕೆ?

ನೀವು ಸುಮಾರು 1980, 90ರ ದಶಕದಲ್ಲಿ ಒಂದನೇ ಇಯತ್ತೆ ಓದಿದವರು ಅನ್ನಿಸುತ್ತದೆ. ವರ್ಣಮಾಲೆಯ ಸಾಲು ಹಿಡಿದು ಹೋದರೆ ಮಗುವಿಗೆ ಋ, ಔ, ಙ, ಞ ಎಲ್ಲ ಬಂದ ಮೇಲೆಯೇ ಒಂದು ಪದ ಓದುವ ಸುಖ. ಅದರ ಬದಲು ಬರೆಯಲು ಸುಲಭವಾದ, ಒಂದಕ್ಕೊಂದು ಹೋಲುವ ನಾಲ್ಕೈದು ಅಕ್ಷರ ಮೊದಲು ಕೊಟ್ಟರೆ ಮೊದಲ ವಾರವೇ ಸರ, ಅರಸ, ಅಗಸ, ಗರಗಸ ಎಂದು ಓದಬಹುದು. ಆಮೇಲೆ "ಜ ವ ಮ ಬ ನ". ಅಂಕಲಿಪಿಯಲ್ಲಿ ಕಲಿತ ಅಪ್ಪಂದಿರಿಗೆ ಇದು ಹಿಡಿಸಲೇ ಇಲ್ಲ. ಸಾಲಿಯಲ್ಲಿ ರ ಗ ಸ ದ, ಮನೆಯಲ್ಲಿ ಅ ಆ ಇ ಈ ಅಂತ ಎರಡೂ ನಡೆಯಿತು. ನನ್ನ ಪ್ರಕಾರ ಸಾಲಿಯವರು ಮಾಡಿದ್ದೇ ಸರಿ.

ಪಠ್ಯಪುಸ್ತಕ ಬಿಟ್ಟರೆ ಮಕ್ಕಳು ಬೇರೆ ಏನು ಓದುತ್ತಿದ್ದರು?

ಕೈಗೆ ಸಿಕ್ಕಿದ್ದು. ಸಕ್ಕರೆ ಕಟ್ಟಿ ತಂದ ಪೇಪರು, ಪಂಚಾಂಗ, ಸಿನಿಮಾ ಹಾಡಿನ ಪುಸ್ತಕ, ಬಸ್ಸಿನ ಬೋರ್ಡು.

ಆದರೆ ಮೂರು ಸಂಗತಿಗಳನ್ನು ಬೇರೆಯಾಗಿ ಹೇಳಬೇಕು. ಒಂದು, ಜಾತ್ರೆಯ ಪುಸ್ತಕ. ಕಲಬುರಗಿಯ ಶರಣಬಸವೇಶ್ವರ ಜಾತ್ರೆ, ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆ, ಯಾದಗಿರಿ ಹತ್ತಿರದ ಮೈಲಾಪುರದ ಮಲ್ಲಯ್ಯನ ಜಾತ್ರೆ, ಎಲ್ಲಿ ಹೋದರೂ ಗೋಣಿತಟ್ಟು ಹಾಸಿ ಪುಸ್ತಕ ಹರಡುವವರು ಇರುತ್ತಿದ್ದರು. ಶರಣರ ಕಥೆ, ಬಯಲಾಟದ ಪದಗಳು, ಭಜನೆ ಪದ, ಅಂಕಲಿಪಿ. ಗದಗ, ಹುಬ್ಬಳ್ಳಿ ಕಡೆ ಅಚ್ಚಾದ ಅಗ್ಗದ ಪುಸ್ತಕಗಳು. ಇವು ಮಕ್ಕಳಿಗೆ ಅಂತ ಬರೆದವಲ್ಲ. ಆದರೆ ಮನೆಯಲ್ಲಿ ಓದಲು ಬರುವವರು ಎಷ್ಟೋ ಸಲ ಸಾಲಿಗೆ ಹೋಗುವ ಹುಡುಗ ಒಬ್ಬನೇ. ಹಾಗಾಗಿ ಶ್ರಾವಣದಲ್ಲಿ ಪುರಾಣ ಓದುವ ಕೆಲಸ ಅವನಿಗೇ ಬೀಳುತ್ತಿತ್ತು. ಹಿರಿಯರು ಕೂತು ಕೇಳುತ್ತಿದ್ದರು, ತಪ್ಪಿದಲ್ಲಿ ತಿದ್ದುತ್ತಿದ್ದರು. ಓದಲು ಬಾರದ ಅಜ್ಜಿಗೆ ಪುರಾಣ ಪೂರ್ತಿ ಬಾಯಿಗೆ ಬರುತ್ತಿತ್ತಲ್ಲ! ಕಡಕೋಳ ಮಡಿವಾಳಪ್ಪನವರ ತತ್ವಪದ, ಮೊಹರಂ ಪದ ಕೂಡ ಮಕ್ಕಳ ಕಿವಿಗೆ ಹೀಗೇ ಬಿದ್ದವು. ಓದಿನ ಅಭ್ಯಾಸ ಸಾಲಿಗಿಂತ ಈ ಕಟ್ಟೆಯ ಮೇಲೆ ಹೆಚ್ಚು ಆಯಿತು ಅನ್ನುವುದು ನನ್ನ ಗಟ್ಟಿ ನಂಬಿಕೆ.

ಎರಡು, ಚಂದಮಾಮ. 1947ರಲ್ಲಿ ಮದ್ರಾಸಿನಲ್ಲಿ ನಾಗಿರೆಡ್ಡಿ, ಚಕ್ರಪಾಣಿ ಅವರು ತೆಲುಗು, ತಮಿಳಿನಲ್ಲಿ ಶುರು ಮಾಡಿದ್ದು ಒಂದೆರಡು ವರ್ಷದಲ್ಲೇ ಕನ್ನಡಕ್ಕೂ ಬಂತು. ಮದ್ರಾಸ್–ಮುಂಬೈ ರೈಲು ಯಾದಗಿರಿ, ವಾಡಿ, ಕಲಬುರಗಿ ಮೇಲೆಯೇ ಹೋಗುತ್ತದೆ. ಸ್ಟೇಷನ್ ಇರುವ ಊರಿನ ಮಕ್ಕಳಿಗೆ ಇದರ ಲಾಭ ಸಿಕ್ಕಿತು. ಒಳಗಿನ ಹಳ್ಳಿಗೆ ಹೊಸ ಸಂಚಿಕೆ ಬರುವುದು ಅಪರೂಪ. ಮಾಸ್ತರರ ಮನೆ, ಗೌಡರ ಮನೆ ದಾಟಿ ಬರುವಷ್ಟರಲ್ಲಿ ಬೇತಾಳ ಮರಕ್ಕೆ ಹಾರಿದ ಪುಟವೇ ಇರುತ್ತಿರಲಿಲ್ಲ.

ಮೂರು, ಕೈಗೆಟಕುವ ಬೆಲೆಯ ಪುಟ್ಟ ಪುಸ್ತಕಗಳು. ಬೆಂಗಳೂರಿನ ರಾಷ್ಟ್ರೋತ್ಥಾನದವರು 1970ರ ದಶಕದಲ್ಲಿ ಹೊರತರಲು ಶುರು ಮಾಡಿದ ಭಾರತ ಭಾರತಿ ಮಾಲೆಯಲ್ಲಿ 510 ಪುಸ್ತಕಗಳಿವೆ. ಅಂಗೈಯಗಲದ ಜೀವನಚರಿತ್ರೆಗಳು. ಸಾಲಿಯ ಬಹುಮಾನ ಎಂದರೆ ಇವೇ ಎನ್ನುವ ಕಾಲವಿತ್ತು. ಸೋವಿಯತ್ ದೇಶದ ಮಕ್ಕಳ ಪುಸ್ತಕಗಳೂ ಕನ್ನಡದಲ್ಲಿ ಬಂದವು. ದಪ್ಪ ಕಾಗದ, ಒಳ್ಳೇ ಬಣ್ಣ, ಬೆಲೆ ಮಾತ್ರ ಕಡಿಮೆ. ಹಿಮ ಎಂದರೇನು ಅಂತ ಕಲಬುರಗಿಯ ಮಗು ನೋಡಿದ್ದು ಅದರಲ್ಲೇ. ಸೋವಿಯತ್ ಲ್ಯಾಂಡ್ ಪತ್ರಿಕೆಯನ್ನಂತೂ ಓದಿದವರಿಗಿಂತ ಪುಸ್ತಕಕ್ಕೆ ರಟ್ಟು ಹಾಕಿಕೊಂಡವರು ಜಾಸ್ತಿ. ಆ ನುಣುಪು ಹಾಳೆ ವರ್ಷವಿಡೀ ಹರಿಯುತ್ತಿರಲಿಲ್ಲ. ಅಂಟಿಗೆ ಜಾಲಿ ಮರದ ಗೋಂದು.

ನಮ್ಮ ಕಡೆಯವರು ಯಾರಾದರೂ ಮಕ್ಕಳಿಗಾಗಿ ಬರೆದಿದ್ದಾರಾ?

ಬರೆದಿದ್ದಾರೆ. ಒಂದು ಹೆಸರು ಹೇಳಲೇಬೇಕು, ಸಿದ್ಧಯ್ಯ ಪುರಾಣಿಕರು. ಹುಟ್ಟಿದ್ದು ಕೊಪ್ಪಳದ ಕಡೆ, ಓದಿದ್ದು ಹೈದರಾಬಾದ್ ಸಂಸ್ಥಾನದ ಉರ್ದು ವಾತಾವರಣದಲ್ಲಿ. ಅವರು ಕನ್ನಡದ ಮಕ್ಕಳಿಗೆ ಬರೆದ ಪದ್ಯಗಳು ರಾಜ್ಯದ ಎಲ್ಲ ಸಾಲಿಗಳಲ್ಲೂ ಮೊಳಗಿದವು. 1987ರಲ್ಲಿ ಕಲಬುರಗಿಯಲ್ಲಿ ಸಾಹಿತ್ಯ ಸಮ್ಮೇಳನ ನಡೆದಾಗ ಅವರೇ ಅಧ್ಯಕ್ಷರು. 2020ರಲ್ಲಿ ಇಲ್ಲೇ ಮತ್ತೆ ಸಮ್ಮೇಳನ ನಡೆದಾಗ ಅಧ್ಯಕ್ಷರಾದ ಎಚ್.ಎಸ್. ವೆಂಕಟೇಶಮೂರ್ತಿಯವರೂ ಮಕ್ಕಳಿಗಾಗಿ ಬರೆದವರು.

ಹಳೇ ಸಾಲಿಗಳಲ್ಲಿ ಗ್ರಂಥಾಲಯ ಇರುತ್ತಿತ್ತಾ?

ಒಂದು ಕಬ್ಬಿಣದ ಪೆಟ್ಟಿಗೆ, ಅದಕ್ಕೊಂದು ಬೀಗ, ಬೀಗದ ಕೈ ಹೆಡ್‌ಮಾಸ್ತರರ ಹತ್ತಿರ. 1987ರ ನಂತರ ಕಪ್ಪು ಹಲಗೆ ಕಾರ್ಯಾಚರಣೆ ಎಂಬ ಕೇಂದ್ರದ ಯೋಜನೆಯಲ್ಲಿ ಸಾಲಿಗಳಿಗೆ ಪುಸ್ತಕ, ಆಟದ ಸಾಮಾನು ಬಂದವು. ಪುಸ್ತಕ ಹರಿದರೆ ಲೆಕ್ಕ ಕೊಡಬೇಕಲ್ಲ ಎನ್ನುವ ಭಯಕ್ಕೆ ಎಷ್ಟೋ ಕಡೆ ಅವು ಪೆಟ್ಟಿಗೆ ಬಿಟ್ಟು ಹೊರಗೇ ಬರಲಿಲ್ಲ. ಧೈರ್ಯ ಮಾಡಿ ಹಂಚಿದ ಮಾಸ್ತರರ ಹೆಸರನ್ನು ಆ ಊರಿನವರು ಇವತ್ತಿಗೂ ಹೇಳುತ್ತಾರೆ.

ಗಡಿ ಊರುಗಳಲ್ಲಿ ಬೇರೆ ಭಾಷೆಯ ಪುಸ್ತಕ ಯಾಕೆ ಸಿಗುತ್ತವೆ?

ಸಹಜವಲ್ವಾ? ಔರಾದ, ಭಾಲ್ಕಿ, ಬಸವಕಲ್ಯಾಣ, ಆಳಂದದ ಆಚೆ ಮಹಾರಾಷ್ಟ್ರ. ಸೇಡಂ, ಗುರುಮಠಕಲ್ ಆಚೆ ತೆಲಂಗಾಣ. 1956ಕ್ಕೆ ಮುಂಚೆ ಆ ಗಡಿಗಳೇ ಇರಲಿಲ್ಲ, ಎಲ್ಲ ಒಂದೇ ಸಂಸ್ಥಾನ. ಮರಾಠಿಯಲ್ಲೂ ಅಂಕಲಿಪಿಗೆ ಅಂಕಲಿಪಿ ಅಂತಲೇ ಹೆಸರು. ಚಂದಮಾಮನಿಗೆ ಅಲ್ಲಿ ಚಾಂದೋಬಾ. ನಿಮ್ಮ ಮನೆಯಲ್ಲಿ ಮೂರು ಲಿಪಿಯ ಪುಸ್ತಕ ಸಿಕ್ಕರೆ ಮೂರನ್ನೂ ಇಡಿ.

ಆಗ ಎಲ್ಲ ಮಕ್ಕಳಿಗೂ ಓದಲು ಸಿಗುತ್ತಿತ್ತಾ?

ಇಲ್ಲ. "ಹಳೇ ಕಾಲದ ಓದು ಎಷ್ಟು ಚೆಂದ" ಅಂತ ಬರೆಯುವವರು ಇದನ್ನು ಮರೆಯುತ್ತಾರೆ. ಹೆಣ್ಣುಮಕ್ಕಳಲ್ಲಿ ಬಹುಪಾಲು ಸಾಲಿಯ ಮುಖ ನೋಡಲಿಲ್ಲ. ದಲಿತ ಮಕ್ಕಳನ್ನು ಹೊರಗೆ, ಬಾಗಿಲ ಬಳಿ ಕೂರಿಸಿದ ಸಾಲಿಗಳಿದ್ದವು. ಕೂರಿಸದೇ ಕಳಿಸಿದವೂ ಇದ್ದವು. ಸುಗ್ಗಿ ಬಂತೆಂದರೆ ಕೂಲಿ ಮಾಡುವ ಮನೆಯ ಮಕ್ಕಳು ಹೊಲದಲ್ಲಿ. ನಮಗೆ ಟ್ರಂಕಿನಲ್ಲಿ ಸಿಗುವ ಪುಸ್ತಕಗಳೆಲ್ಲ ಟ್ರಂಕು ಇದ್ದ ಮನೆಯವು. ಬಾಯಿಪಾಠ ಒಪ್ಪಿಸದ ಹುಡುಗನಿಗೆ ಬೀಳುತ್ತಿದ್ದ ಏಟು, ಅದಕ್ಕೆ ಹೆದರಿ ಸಾಲಿ ಬಿಟ್ಟವರ ಲೆಕ್ಕ ಯಾವ ಪುಸ್ತಕದಲ್ಲೂ ಇಲ್ಲ.

ಹಳೇ ಪುಸ್ತಕ ಈಗ ಎಲ್ಲಿ ನೋಡಬಹುದು?

ಕಲಬುರಗಿಯ ನಗರ ಕೇಂದ್ರ ಗ್ರಂಥಾಲಯ, 1980ರಲ್ಲಿ ಶುರುವಾದ ಗುಲಬರ್ಗಾ ವಿಶ್ವವಿದ್ಯಾಲಯದ ಗ್ರಂಥಾಲಯ, ಹಳೇ ಮಠಗಳ ಸಂಗ್ರಹ. ಇಂಟರ್ನೆಟ್ ಆರ್ಕೈವ್‌ನಲ್ಲಿ ಸ್ಕ್ಯಾನ್ ಆದ ಹಳೇ ಕನ್ನಡ ಪುಸ್ತಕಗಳು ಬೇಕಾದಷ್ಟಿವೆ. "ಬಾಲಬೋಧೆ", "ಮೊದಲನೇ ಪುಸ್ತಕ", "ಪಾಠಮಾಲೆ" ಹೀಗೆ ಬೇರೆ ಬೇರೆ ಪದ ಹಾಕಿ ಹುಡುಕಿ. ಈಗಿನ ಪಠ್ಯಗಳು ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲೇ ಸಿಗುತ್ತವೆ. ಎಲ್ಲಕ್ಕಿಂತ ಒಳ್ಳೇ ಜಾಗ ರದ್ದಿ ಅಂಗಡಿ. ಸಾಲಿ ಶುರುವಾಗುವ ಜೂನ್‌ಗೆ ಮುಂಚೆ ಹೋಗಿ.

ಮಾರಿದರೆ ಎಷ್ಟು ದುಡ್ಡು ಬರುತ್ತೆ?

ಏನೂ ಬರಲ್ಲ. ಲಕ್ಷಗಟ್ಟಲೆ ಅಂತ ವಾಟ್ಸಾಪ್‌ನಲ್ಲಿ ಬರುವುದನ್ನು ನಂಬಬೇಡಿ.

ಸ್ಕ್ಯಾನ್ ಮಾಡಿ ಎಲ್ಲರಿಗೂ ಹಂಚಬಹುದಾ?

ಲೇಖಕರು ತೀರಿಕೊಂಡು 60 ವರ್ಷ ಆಗಿದ್ದರೆ ಹಂಚಬಹುದು. ಸರ್ಕಾರಿ ಪ್ರಕಟಣೆ, ಲೇಖಕರ ಹೆಸರಿಲ್ಲದ ಪುಸ್ತಕವಾದರೆ ಪ್ರಕಟವಾದ ವರ್ಷದಿಂದ 60 ವರ್ಷದ ಲೆಕ್ಕ. ಅದಕ್ಕಿಂತ ಈಚಿನದನ್ನು ನಿಮ್ಮ ಓದಿಗೆ ಇಟ್ಟುಕೊಳ್ಳಿ.

ಮನೆಯಲ್ಲಿ ಹೇಗೆ ಕಾಪಾಡೋದು?

ನಮ್ಮ ಬೇಸಿಗೆಗೆ ಹಳೇ ಕಾಗದ ಒಣಗಿ ಮುರಿಯುತ್ತದೆ, ಮಳೆಗಾಲದಲ್ಲಿ ಹುಳ ಹಿಡಿಯುತ್ತದೆ. ಸೆಲ್ಲೋ ಟೇಪ್ ಹಚ್ಚಲೇಬೇಡಿ, ಕೆಲವೇ ವರ್ಷದಲ್ಲಿ ಹಳದಿ ಕಲೆ ಬಿಟ್ಟು ಉದುರುತ್ತದೆ. ಲ್ಯಾಮಿನೇಷನ್ ಅದಕ್ಕಿಂತ ಕೆಟ್ಟದ್ದು. ತುಕ್ಕು ಹಿಡಿದ ಪಿನ್ ಇದ್ದರೆ ಮೆಲ್ಲಗೆ ತೆಗೆದು ನೂಲಿನಲ್ಲಿ ಕಟ್ಟಿ. ಬಿಸಿಲಿಗೆ ಒಣಗಿಸಬೇಡಿ, ನೆರಳಲ್ಲಿ ಗಾಳಿಯಾಡಲಿ. ಹಳೇ ಹತ್ತಿ ಬಟ್ಟೆಯಲ್ಲಿ ಸುತ್ತಿ, ಗೋಡೆಗೆ ತಾಗದ ಹಾಗೆ, ನೆಲದಿಂದ ಎತ್ತರದಲ್ಲಿ ಇಡಿ. ಗೆದ್ದಲು ಬರುವುದು ಗೋಡೆಯಿಂದಲೇ.

ಅದಕ್ಕೂ ಮುಂಚೆ ಮೊಬೈಲ್‌ನಲ್ಲಿ ಫೋಟೋ ತೆಗೆಯಿರಿ. ಕಿಟಕಿಯ ಬೆಳಕು ಸಾಕು, ಫ್ಲ್ಯಾಶ್ ಬೇಡ. ಪುಸ್ತಕವನ್ನು ಫರಸಿಯ ಮೇಲೆ ಇಟ್ಟು ನೇರ ಮೇಲಿನಿಂದ ತೆಗೆಯಿರಿ. ಖಾಲಿ ಹಾಳೆ, ಗೀಚಿದ ಹಾಳೆ ಯಾವುದನ್ನೂ ಬಿಡಬೇಡಿ.

ಈಗಿನ ಮಕ್ಕಳಿಗೆ ಇವನ್ನು ಓದಿಸಬಹುದಾ?

ಪಾಠಕ್ಕಂತೂ ಬೇಡ. ಜಾತಿ, ಹೆಣ್ಣುಮಕ್ಕಳ ಬಗ್ಗೆ ಹಳೇ ಪುಸ್ತಕಗಳಲ್ಲಿ ಇರುವ ಕೆಲವು ಮಾತು ಇವತ್ತು ಮಗುವಿನ ಮುಂದೆ ಓದುವಂಥವಲ್ಲ. ತಮಾಷೆಗೆ ತೋರಿಸಿ. ಆಣೆ ಲೆಕ್ಕ ಮಾಡಿಸಿ ನೋಡಿ, ಮಕ್ಕಳಿಗೆ ಒಗಟಿನಷ್ಟೇ ಮಜಾ. ಓದಲು ಹೊಸ ಪುಸ್ತಕ ಕೊಡಿ. ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ. ಮಕ್ಕಳನ್ನು ಅಲ್ಲಿ ಸದಸ್ಯರನ್ನಾಗಿ ಮಾಡಿಸಿ.

ಪುಸ್ತಕ ಏನೂ ಉಳಿದಿಲ್ಲ, ಆದರೆ ಅಜ್ಜ ಅಜ್ಜಿ ಇದ್ದಾರೆ. ಏನು ಕೇಳಬೇಕು?

"ಆಗ ಹೇಗಿತ್ತು?" ಅಂತ ಕೇಳಬೇಡಿ. "ಚೆನ್ನಾಗಿತ್ತು ಬಿಡಪ್ಪಾ" ಎಂದು ಮುಗಿಸುತ್ತಾರೆ. ಸಣ್ಣ ಸಣ್ಣದು ಕೇಳಿ. ಮೊದಲು ತಿದ್ದಿದ ಅಕ್ಷರ ಯಾವುದು? ಪಾಟಿ ಕಲ್ಲಿನದಾ ತಗಡಿನದಾ? ಒಡೆದಾಗ ಯಾರು ಬೈದರು? ಪುಸ್ತಕ ಹೊಸದಾ, ಅರ್ಧ ಬೆಲೆಗೆ ಕೊಂಡದ್ದಾ? ಮನೆಯಲ್ಲಿ ಜೋರಾಗಿ ಓದುತ್ತಿದ್ದವರು ಯಾರು? ನಿಮ್ಮ ಜೊತೆ ಸಾಲಿಗೆ ಬಾರದ ಗೆಳೆಯರು ಯಾರು, ಯಾಕೆ ಬರಲಿಲ್ಲ? ಈಗಲೂ ಬಾಯಿಗೆ ಬರುವ ಸಾಲು ಯಾವುದು? ಸಾಲಿಗೆ ಹೋಗದ ಅಜ್ಜಿಯನ್ನೂ ಬಿಡಬೇಡಿ, ಅಣ್ಣ ಓದುವುದನ್ನು ಕೇಳಿಯೇ ಪದ್ಯ ಕಲಿತವರು ಎಷ್ಟೋ ಜನ ಇದ್ದಾರೆ.

ಒಂದೇ ದಿನ ಎಲ್ಲ ಕೇಳಿ ಸುಸ್ತು ಮಾಡಬೇಡಿ. ಮುಂಜಾನೆ ಚಹಾ ಆದ ಮೇಲೆ ಅರ್ಧ ಗಂಟೆ ಸಾಕು. ಫೋನನ್ನು ಅವರ ಹತ್ತಿರ ಇಡಿ. ರೆಕಾರ್ಡ್ ಮಾಡುವಾಗ ಫ್ಯಾನ್ ಆಫ್ ಮಾಡಿ, ಇಲ್ಲಾಂದ್ರೆ ಬರೀ ಗಾಳಿ ಸದ್ದೇ ಬರುತ್ತೆ.